ದೇವರ ಕಣ್ಣಿಗೆ ಬೆಣ್ಣೆ

ನಮ್ಮ ಮನೆಯ ನಟ್ಟನಡುವೆ ಅಪ್ಪ ಒಂದು ಗೋಡೆ ಹಾಕಿಸಿದ್ದ. ಅಪ್ಪ, ಅವ್ವ ಮತ್ತು ಆರು ವರ್ಷದ ನಾನು ಪಾದ್ರಿಯವರ ಕೈಯಿಂದ ದೀಕ್ಷಾಸ್ನಾನ ಮಾಡಿಸಿಕೊಂಡ ವರ್ಷ ಎದ್ದ ಗೋಡೆ ಅದು. ಬೀದಿಯ ಕಡೆಯ ಪಡಸಾಲೆ ನಮಗೆ ಬಂತು. ಹಿತ್ತಲ ಕಡೆಯ ಅಡಿಗೆಮನೆ ಅಪ್ಪನ ತಾಯಿಗೆ ಹೋಯಿತು. ಆಕೆಯನ್ನು ನಾನು ಆಯಿ ಅನ್ನುತ್ತಿದ್ದೆ. ಆಯಿ ಮಾತ್ರ ಸ್ನಾನಕ್ಕೆ ಒಪ್ಪಲಿಲ್ಲ. “ಅಂಬಿಗರ ಮನ್ಯಾಗ ಹುಟ್ಟಿದಾಕಿ ನಾನು. ಹುಟ್ಟಿದಾಗಿಂದ ನೀರಾಗ ಅದೇನಿ. ಇನ್ನೂ ಎಷ್ಟ ನೀರ ಹಾಕವ್ರದೀರಿ ನನಗ?” ಎಂದು ಪಾದ್ರಿಯವರ ಮುಂದೆಯೇ ಕೇಳಿದ್ದಳಂತೆ. ಜಾತಿ ಬಿಟ್ಟ ಮಗನ ಜೊತೆ ಒಂದೇ ಒಲೆಯ ಮೇಲೆ ಬೇಯಿಸಿ ಉಂಡರೆ ಓಣಿಯವರು ಆಕೆಗೆ ಬೆಂಕಿ ನೀರು ಕೊಡುತ್ತಿರಲಿಲ್ಲ. ಅದಕ್ಕೇ ಗೋಡೆ. ಗೋಡೆ ಇದ್ದರೆ ಎರಡು ಮನೆ, ಎರಡು ಒಲೆ. ಓಣಿಯವರಿಗೂ ಸಮಾಧಾನ, ಮಿಷನ್ನಿನವರಿಗೂ ಸಮಾಧಾನ. ಜಾಣರು ಎರಡೂ ಕಡೆ ಇದ್ದರು.

ಗೋಡೆಯ ಬುಡದಲ್ಲಿ ಬೆಕ್ಕು ಓಡಾಡಲೆಂದು ಒಂದು ಕಿಂಡಿ ಬಿಟ್ಟಿದ್ದರು. ಬೆಕ್ಕಿಗಿಂತ ಹೆಚ್ಚು ಅದರಲ್ಲಿ ತೂರಿದವಳು ನಾನು. ಎರಡು ವರ್ಷಕ್ಕೆ ಅವ್ವ ಹೆರಿಗೆಯಲ್ಲಿ ತೀರಿಕೊಂಡಳು. ಅಪ್ಪ ಉಪದೇಶಿ, ಸಂತೆ ಸಂತೆ ತಿರುಗಿ ಕ್ರಿಸ್ತನ ಮಾತು ಹೇಳುವುದು ಅವನ ಕೆಲಸ, ನಮ್ಮೂರು ಹಾನಗಲ್ಲಿನಲ್ಲಿ ಅವನು ನಿಂತದ್ದು ಕಡಿಮೆ. ಹೀಗಾಗಿ ನಾನು ಮುಂಭಾಗದಲ್ಲಿ ಎದ್ದು ಪ್ರಾರ್ಥನೆ ಹೇಳಿ, ಕಿಂಡಿಯಲ್ಲಿ ತೂರಿ, ಹಿಂಭಾಗದಲ್ಲಿ ಆಯಿಯ ರೊಟ್ಟಿ ತಿಂದು ದೊಡ್ಡವಳಾದೆ. ಮೈ ಬೆಳೆದ ಮೇಲೆ ಕಿಂಡಿ ಸಾಲದಾಯಿತು, ಹಿತ್ತಲಿನಿಂದ ಸುತ್ತು ಹಾಕಿ ಹೋಗಬೇಕಾಯಿತು. ಈಗ ಯೋಚಿಸಿದರೆ ನಾನು ಎಷ್ಟೋ ವರ್ಷ ಆ ಗೋಡೆಯ ಒಳಗೇ ಸಿಕ್ಕಿಕೊಂಡಿದ್ದೆ ಅನಿಸುತ್ತದೆ. ಈ ಕಡೆಯವಳೂ ಅಲ್ಲ, ಆ ಕಡೆಯವಳೂ ಅಲ್ಲ.

ಆಯಿಗೆ ಒಂದು ಹಕ್ಕು ಇತ್ತು. ಭಾದ್ರಪದದಲ್ಲಿ ಗಣಪತಿಯ ಬೆನ್ನಿಗೇ ನಮ್ಮ ಕಡೆ ಜೋಕುಮಾರ ಬರುತ್ತಾನೆ. ಕುಂಬಾರರ ಮನೆಯಲ್ಲಿ ಹಸಿ ಮಣ್ಣಿನಿಂದ ಹುಟ್ಟುವ ದೇವರು. ಅಗಲ ಕಣ್ಣು, ತೆರೆದ ಬಾಯಿ, ಹುರಿ ಮೀಸೆ, ಮೈಮೇಲೆ ನಾಚಿಕೆ ಎಂಬುದೇ ಇಲ್ಲ. ಅಂಬಿಗರ ಹೆಂಗಸರು ಅವನನ್ನು ಬೇವಿನ ತಪ್ಪಲು ಹಾಸಿದ ಬುಟ್ಟಿಯಲ್ಲಿ ಕೂರಿಸಿ, ಬಾಯಿಗೆ ಬೆಣ್ಣೆ ಹಚ್ಚಿ, ತಲೆಯ ಮೇಲೆ ಹೊತ್ತು ಮನೆ ಮನೆಗೆ ಹಾಡುತ್ತ ಹೋಗುತ್ತಾರೆ. ಜನ ಮೊರದಲ್ಲಿ ಜೋಳ, ಮೆಣಸಿನಕಾಯಿ ತಂದು ಹಾಕಿ, ಪ್ರತಿಯಾಗಿ ಬೇವಿನ ಎಲೆ ಒಯ್ದು ಹೊಲಕ್ಕೆ ಚೆಲ್ಲುತ್ತಾರೆ. ಮಳೆ ತರುವುದು ಅವನ ಕೆಲಸ. ಏಳೇ ದಿನ ಅವನ ಆಯುಷ್ಯ. ಏಳನೆಯ ದಿನ ಅವನನ್ನು ಕೊಲ್ಲುತ್ತಾರೆ. ಆಮೇಲೆ ಹೊತ್ತು ತಿರುಗಿದ ಹೆಂಗಸರೇ ಕೂತು ಅಳುತ್ತಾರೆ. ಎಲ್ಲಿ ಕೊಲ್ಲುತ್ತಾರೆ, ಹೇಗೆ ಕೊಲ್ಲುತ್ತಾರೆ ಎಂಬುದನ್ನು ಬುಟ್ಟಿ ಹೊರುವ ನಾಲ್ಕು ಮನೆಯ ಹೆಂಗಸರು ಹೊರಗಿನವರ ಮುಂದೆ ಬಾಯಿಬಿಡುವ ಹಾಗಿರಲಿಲ್ಲ. ಬಿಟ್ಟವಳ ತಲೆಯಿಂದ ಬುಟ್ಟಿ ಇಳಿಯುತ್ತಿತ್ತು, ಅವಳ ಮನೆಗೆ ಬೆಂಕಿ ನೀರು ನಿಲ್ಲುತ್ತಿತ್ತು.

ಬುಟ್ಟಿ ಇಬ್ಬರ ಕೆಲಸ. ಒಬ್ಬಳು ಹೊರಬೇಕು, ಇನ್ನೊಬ್ಬಳು ಹಾಡು ಎತ್ತಿ ಮೊರದ ಕಾಳನ್ನು ಚೀಲಕ್ಕೆ ಸುರುವಿಕೊಳ್ಳಬೇಕು. ಹೊರುವವಳು ಆಯಿ. ಹಾಡುವವಳು ಎರಡು ಮನೆ ಆಚೆಯ ಆಕೆಯ ಗೆಳತಿ. ನಾನು ಆಕೆಯನ್ನು ಸಣ್ಣಾಯಿ ಅನ್ನುತ್ತಿದ್ದೆ. ರಕ್ತಸಂಬಂಧ ಇರಲಿಲ್ಲ, ಸಲಿಗೆ ಇತ್ತು. ಸಣ್ಣಾಯಿ ಕೆರೆಯ ಮೀನು ಮಾರಿ ಬದುಕುತ್ತಿದ್ದಳು. ಇದ್ದೊಬ್ಬ ಮಗಳನ್ನು ಸವಣೂರಿಗೆ ಕೊಟ್ಟಿದ್ದಳು. ಪಾದ್ರಿಯವರ ಬಂಗಲೆಗೂ ಆಕೆಯದೇ ಮೀನು. ಆಯಿಗೂ ಆಕೆಗೂ ಸೇರಿ ಎಲೆಅಡಿಕೆಯ ಚೀಲ ಒಂದೇ. ಒಂದು ದಿನ ಈ ಮನೆಯ ಗೂಟಕ್ಕೆ, ಒಂದು ದಿನ ಆ ಮನೆಯ ಗೂಟಕ್ಕೆ. ಗಂಡ ಹೆಂಡತಿ ಕೂಡ ಅಷ್ಟು ಹೊಂದಿಕೊಂಡು ಬಾಳಿದ್ದನ್ನು ನಾನು ನೋಡಿಲ್ಲ.

ಗೋಡೆಯ ಹಿಂದೆ ಇದೆಲ್ಲ ನಡೆಯುವುದು ಅಪ್ಪನಿಗೆ ಗೊತ್ತಿತ್ತು. ಆ ಏಳು ದಿನ ಅವನು ತಡಸ, ಚಿಕ್ಕೇರೂರು ಎಂದು ದೂರದ ಊರುಗಳನ್ನೇ ಹುಡುಕಿಕೊಂಡು ಹೋಗಿಬಿಡುತ್ತಿದ್ದ. ಹೆತ್ತ ತಾಯಿಯ ಎದುರಿಗೆ ನಿಂತು ನಿನ್ನ ದೇವರು ಸುಳ್ಳು ಎನ್ನುವ ಎದೆಗಾರಿಕೆ ಅವನಿಗೆ ಇರಲಿಲ್ಲ. ಆಗ ಅದನ್ನು ಹೇಡಿತನ ಅಂದುಕೊಂಡಿದ್ದೆ. ನನಗೆ ಆ ಹೇಡಿತನ ಸ್ವಲ್ಪ ಬಂದಿದ್ದರೆ ಚೆನ್ನಾಗಿತ್ತು.

ನನಗೆ ಹದಿನೈದು ತುಂಬಿದ ವರ್ಷ ಪಾದ್ರಿಯವರು ಅಪ್ಪನ ಕೈಗೆ ಒಂದು ದಪ್ಪ ನೋಟುಬುಕ್ಕು ಕೊಟ್ಟರು. ಕ್ರಿಸ್ತ ತೀರಿಹೋಗಿ ನೂರು ಇನ್ನೂರು ವರ್ಷದ ಮೇಲೆ, ಗ್ರೀಕರ ರೋಮಿನವರ ನಡುವೆ ಬಾಳಿದ ಮೊದಲ ಕ್ರೈಸ್ತರು ಆ ಜನರ ದೇವರುಗಳ ಮೇಲೆ ಹೂಡಿದ ವಾದಗಳು ಅದರಲ್ಲಿ ಇದ್ದವು. ಪರದೇಶದಿಂದ ಬಂದ ಪಾದ್ರಿಯವರು ತಾವೇ ಕನ್ನಡಕ್ಕೆ ತಿರುಗಿಸಿ ಬರೆದದ್ದು, ಅವರ ಕನ್ನಡ ಹೊಸ ಚಪ್ಪಲಿಯಂತೆ ಕಚ್ಚುತ್ತಿತ್ತು. ಅದನ್ನು ಸಂತೆಯ ಜನಕ್ಕೆ ತಿಳಿಯುವ ಹಾಗೆ ಬರೆದುಕೊಟ್ಟರೆ ಅಚ್ಚು ಹಾಕಿಸಿ ಮಾರೋಣ ಎಂದರು. ಅಪ್ಪ ಬಾಯಿಮಾತಿನ ಮನುಷ್ಯ, ಬರೆಯಲು ಕೂತರೆ ಅವನಿಗೆ ತೂಕಡಿಕೆ. ಕೆಲಸ ನನ್ನ ಪಾಲಿಗೆ ಬಂತು. ಹುಡುಗಿ ಚೆನ್ನಾಗಿ ಬರೆದರೆ ಅವಳನ್ನು ಧಾರವಾಡಕ್ಕೆ ಶಿಕ್ಷಕಿಯ ತರಬೇತಿಗೆ ಕಳಿಸೋಣ ಎಂದೂ ಪಾದ್ರಿಯವರು ಹೇಳಿದ್ದರು. ಗೋಡೆಯ ಎರಡೂ ಕಡೆಯಿಂದ ಒಂದೇ ಸಲ ಹೊರಗೆ ಹೋಗುವ ದಾರಿ ನನಗೆ ಅದೊಂದೇ ಕಂಡಿತು.

ಸುಳ್ಳು ಯಾಕೆ ಹೇಳಲಿ, ಆ ವಾದಗಳು ನನ್ನ ತಲೆಗೆ ಏರಿದವು. ಒಂದೇ ಮರ, ಒಂದು ತುಂಡಿನಿಂದ ಮಣೆ ಮಾಡಿದಿರಿ, ಇನ್ನೊಂದರಿಂದ ದೇವರನ್ನು ಮಾಡಿದಿರಿ, ಬಡಿಗ ಆ ದಿನ ತುಂಡು ಅದಲುಬದಲು ಮಾಡಿದ್ದರೆ ಯಾವುದರ ಮೇಲೆ ಕೂಡುತ್ತಿದ್ದಿರಿ? ನಿಮ್ಮ ದೇವರ ಪೊಳ್ಳು ಹೊಟ್ಟೆಯಲ್ಲಿ ಇಲಿ ಮರಿ ಹಾಕುತ್ತದೆ, ಇಲಿಗೆ ಇಲ್ಲದ ಭಯ ನಿಮಗೇಕೆ? ಬೆಳ್ಳಿಯ ದೇವರಿಗೆ ಬೀಗ ಹಾಕುತ್ತೀರಿ, ಕಳ್ಳನಿಂದ ತನ್ನನ್ನು ಕಾಯಲಾರದವನು ನಿಮ್ಮ ದನಕರು ಕಾಯುತ್ತಾನೆಯೇ? ಸೂರ್ಯ, ಬೆಂಕಿ, ನೀರು ಎಲ್ಲ ಒಬ್ಬ ಧಣಿ ಮಾಡಿಟ್ಟ ಆಳುಗಳು, ಧಣಿಯನ್ನು ಬಿಟ್ಟು ಆಳಿಗೆ ಕೈ ಮುಗಿಯುವುದು ಯಾವ ಬುದ್ಧಿ? ಹುಟ್ಟಿದ ಗಳಿಗೆಯ ನಕ್ಷತ್ರವೇ ಹಣೆಬರಹ ಬರೆಯುವುದಾದರೆ ಒಂದೇ ಗಳಿಗೆಗೆ ಹುಟ್ಟಿದ ದೊರೆಯೂ ಕುರುಬನೂ ಬೇರೆ ಬೇರೆ ಯಾಕಾದರು? ಇವನ್ನೆಲ್ಲ ನಮ್ಮ ಮಾತಿಗೆ ತಿರುಗಿಸುತ್ತ ಹೋದ ಹಾಗೆ ನನ್ನ ನಾಲಗೆಗೆ ಸಾಣೆ ಹಿಡಿದಂತಾಯಿತು. ಸಿಕ್ಕಸಿಕ್ಕವರ ಮೇಲೆ ಪ್ರಯೋಗ ಮಾಡುವ ಚಟ ಬಂತು.

ನೀರಿನ ವಾದವನ್ನು ಆಯಿಯ ಮೇಲೆ ಬಿಟ್ಟೆ. ಆಕೆ ರೊಟ್ಟಿ ಬಡಿಯುತ್ತಿದ್ದಳು.

“ನೀರು ಬರೇ ಆಳಂತ, ಆಯಿ. ಆಳಿಗೆ ಯಾರರ ಕೈ ಮುಗೀತಾರೇನು?”

“ಆಳಾದ್ರೇನಾತು? ದಿನಾ ಉಣ್ಣಾಕ ಹಾಕೂ ಆಳಿಗೆ ಕೈ ಮುಗದ್ರ ನಿಮ್ಮ ಧಣಿ ಸಿಟ್ಟಾಗತಾನೇನು? ಹಂಗಿದ್ರ ಅಂವಾ ಎಂಥಾ ಧಣಿ?” ಎಂದು ಆಯಿ ರೊಟ್ಟಿ ತಿರುವಿ ಹಾಕಿದಳು.

ಅಕ್ಷರ ಬಾರದ ಮುದುಕಿಯ ಮುಂದೆ ಸೋತದ್ದಕ್ಕೆ ಮೈ ಉರಿಯಿತು. ಆ ಉರಿಯಲ್ಲೇ ಮುಂದಿನ ಪುಟ ತೆಗೆದೆ.

ಅಲ್ಲಿ ಅಳುವ ಹೆಂಗಸರ ವಿಷಯ ಇತ್ತು. ಐಗುಪ್ತ, ಸಿರಿಯ ದೇಶಗಳಲ್ಲಿ ಹೆಂಗಸರು ವರ್ಷಕ್ಕೊಮ್ಮೆ ತಮ್ಮ ದೇವರೊಬ್ಬ ಸತ್ತನೆಂದು ಎದೆ ಬಡಿದುಕೊಳ್ಳುತ್ತಿದ್ದರಂತೆ. ಸತ್ತವನಾದರೆ ಅವನಿಗೆ ಹರಕೆ ಯಾಕೆ, ಹರಕೆ ತೀರಿಸುವಷ್ಟು ಶಕ್ತಿ ಅವನಿಗೆ ಇದ್ದರೆ ಈ ಅಳು ಯಾಕೆ ಎಂಬುದು ಹಳೆಯ ಕ್ರೈಸ್ತರ ಪ್ರಶ್ನೆ. ಸಂತೆಗೆ ಎತ್ತು ಮಾರಲು ಬಂದವನಿಗೆ ಐಗುಪ್ತ ಯಾವ ದಿಕ್ಕಿಗೆ ಎಂದು ಗೊತ್ತೇ? ನಾನು ಆ ಹೆಸರುಗಳನ್ನು ಹೊಡೆದುಹಾಕಿ ಜೋಕುಮಾರ ಎಂದು ಬರೆದೆ. ಹಾಗೆ ಬರೆಯೆಂದು ಯಾರೂ ಹೇಳಿರಲಿಲ್ಲ. ಅದು ನನ್ನ ಸ್ವಂತ ಜಾಣತನ. ಬರೆಯುತ್ತ ಹೋದಂತೆ ಚಿಕ್ಕಂದಿನಲ್ಲಿ ಆಯಿಯ ತೊಡೆಯ ಮೇಲೆ ಕೇಳಿದ್ದೆಲ್ಲ ಪೆನ್ಸಿಲ್ಲಿನ ತುದಿಗೆ ಬಂದು ಕೂತಿತು. ಅವನನ್ನು ಯಾವ ದಂಡೆಗೆ ಒಯ್ಯುತ್ತಾರೆ, ಯಾವ ಕಲ್ಲಿನ ಮೇಲೆ ಮಲಗಿಸುತ್ತಾರೆ. ಹೊಡೆಯುವ ಕೈ ಯಾರದೆಂದು ಕಾಣಬಾರದೆಂದು, ಬುಟ್ಟಿಯಲ್ಲಿ ಉಳಿದ ಬೆಣ್ಣೆಯನ್ನು ಅವನ ಕಣ್ಣಿಗೆ ಮೆತ್ತಿ ಮುಚ್ಚುತ್ತಾರೆ. ‘ಬೆರಳಷ್ಟು ಬೆಣ್ಣೆಯ ಆಚೆ ನೋಡಲಾರದ ಈ ದೇವರು, ಅಕ್ಕಗಳಿರಾ, ಮೋಡದ ಆಚೆಯ ಮಳೆಯನ್ನು ಹೇಗೆ ನೋಡಿ ತಂದಾನು?’ ಎಂದು ಬರೆದು ನಿಲ್ಲಿಸಿದೆ. ಬರೆದು ಒಬ್ಬಳೇ ನಕ್ಕೆ. ಅಂಥ ಸಾಲು ಮುಂದೆ ನನ್ನ ಕೈಯಿಂದ ಒಂದೂ ಬರಲಿಲ್ಲ.

ಅಪ್ಪ ಓದಿದ. ಅವನ ಮುಖ ಸಣ್ಣದಾಯಿತು. “ಚಲೋ ಬರದಿ. ಆದ್ರ ಹಾನಗಲ್ಲಾಗ ಇದನ್ನ ಓದೂದು ಬ್ಯಾಡ” ಎಂದ. ಹರಿದು ಹಾಕು ಎನ್ನಲಿಲ್ಲ. ಪಾದ್ರಿಯವರು ಮಾತ್ರ ಬಹಳ ಖುಷಿಪಟ್ಟರು, ಬರೆದವಳ ಹೆಸರಿಲ್ಲದೆ ತೆಳ್ಳನೆಯ ಪುಸ್ತಿಕೆಯಾಗಿ ಅಚ್ಚು ಹಾಕಿಸಿದರು. ಮೊದಲ ಸಲ ಅದು ಶಿಗ್ಗಾಂವಿಯ ಸಂತೆಯಲ್ಲಿ ಮಾರಾಟವಾಯಿತು.

ಶಿಗ್ಗಾಂವಿಯಿಂದ ಹಾನಗಲ್ಲಿಗೆ ಗಾಡಿಗಳು ಬರುವುದಿಲ್ಲವೇ? ಬರುತ್ತವೆ ಎಂಬುದು ಅಪ್ಪನಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಗಾಡಿ ಹೊಡೆಯುವವನೊಬ್ಬ ಒಂದು ಪ್ರತಿ ತಂದು ಅಂಬಿಗರ ಓಣಿಯಲ್ಲಿ ಬಿಸಾಕಿ, “ನಿಮ್ಮ ಜೋಕುಮಾರನ ಸಾವು ಅಚ್ಚಾಗೇತಿ ನೋಡ್ರಿ” ಎಂದು ಹೇಳಿ ಹೋದ. ಅದು ಆಯಿಯ ಕೈಗೆ ಬಂತು. ಓಣಿಯ ಹೆಂಗಸರಲ್ಲಿ ಓದಬಲ್ಲವಳು ನಾನೊಬ್ಬಳೇ.

“ಓದು” ಎಂದಳು ಆಯಿ.

ಆ ಭಾಗ ಬಿಟ್ಟು ಓದಬಹುದಿತ್ತು. ಆಕೆಗೆ ಏನು ತಿಳಿಯುತ್ತಿತ್ತು? ಆದರೆ ಆಕೆ ನನ್ನ ತುಟಿಯನ್ನೇ ನೋಡುತ್ತ ಕೂತಿದ್ದಳು. ಜೊತೆಗೆ, ನಾಚಿಕೆ ಬಿಟ್ಟು ಹೇಳುತ್ತೇನೆ, ನಾನು ಬರೆದದ್ದು ಅಚ್ಚಿನಲ್ಲಿ ಕಂಡ ಸೊಕ್ಕು ನನಗಿನ್ನೂ ಇಳಿದಿರಲಿಲ್ಲ. ಪೂರ್ತಿ ಓದಿದೆ. ಬೆಣ್ಣೆಯ ಸಾಲು ಬಂದಾಗ ಮೊಣಕಾಲು ತಿಕ್ಕಿಕೊಳ್ಳುತ್ತಿದ್ದ ಆಯಿಯ ಕೈ ಅಲ್ಲೇ ನಿಂತುಬಿಟ್ಟಿತು.

“ಅದೊಂದು ಮಾತು ಇನ್ನೊಮ್ಮೆ ಓದು.”

ಓದಿದೆ.

“ಯಾರು ಬರದಾರ ಇದನ್ನ?”

“ಪಾದ್ರಿಯವ್ರು.”

“ಅವರಿಗೆ ಯಾರು ಹೇಳ್ಯಾರ?”

“ನನಗ ಗೊತ್ತಿಲ್ಲ” ಎಂದೆ.

ಆಯಿ ಪುಸ್ತಿಕೆಯನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದು ಹೋದಳು. ಪಾರಾದೆ ಅಂದುಕೊಂಡೆ.

ಮರುದಿನ ನಾಲ್ಕು ಮನೆಯ ಹೆಂಗಸರು ನಮ್ಮ ಹಿತ್ತಲಲ್ಲಿ ಕೂಡಿದರು. ನಾನು ಗೋಡೆಯ ಈ ಕಡೆ ಕಂದೀಲಿನ ಗಾಜು ಒರೆಸುತ್ತಿದ್ದೆ. ಕಾಣುತ್ತಿರಲಿಲ್ಲ, ಕಿಂಡಿಯಿಂದ ಮಾತೆಲ್ಲ ಕೇಳಿಸುತ್ತಿತ್ತು. ಯಾರ ಬಾಯಿಂದ ಹೋಯಿತು ಎಂಬುದೇ ಪ್ರಶ್ನೆ. ಒಳಗೆ ಏನು ಬರೆದಿದೆ ಎಂದು ಯಾರೂ ಕೇಳಲಿಲ್ಲ. ಹಿರಿಯಳೊಬ್ಬಳು ಆಯಿಗೇ ಗಂಟು ಬಿದ್ದಳು.

“ನಿನ್ನ ಮಗ ಅವರ ಪೈಕಿ ಅದಾನ. ನಿನ್ನ ಮನಿಯಿಂದನ ಹೋಗಿರಬೇಕು.”

“ಗಂಡಸರ ಮುಂದ ನಾವು ಹೇಳೂದಿಲ್ಲ. ನನ್ನ ಮಗಗ ಏನೂ ಗೊತ್ತಿಲ್ಲ.”

“ಮೊಮ್ಮಗಳು?”

“ಅದು ಕೂಸು. ಅದರ ಮುಂದ ಹೇಳಾಕ ನನಗೇನು ಹುಚ್ಚು ಹಿಡದೈತೇನು?” ಆಯಿಯ ದನಿ ಗಟ್ಟಿಯಾಗಿತ್ತು. “ಬಂಗಲೇಕ ದಿನಾ ಹೋಗಿ ಬರೂ ಕಾಲು ಯಾವು ಅದಾವ, ಅವನ್ನ ನೋಡ್ರಿ.”

ಮೀನು ಒಯ್ಯುವ ಕಾಲು ಒಂದೇ ಜೊತೆ. ಸಣ್ಣಾಯಿ ಕೂಗಾಡಲಿಲ್ಲ. “ನಾ ಹೇಳಿಲ್ಲ. ನೀ ನನ್ನ ಮಾರಿ ನೋಡಿ ಹೇಳು” ಎಂದಳು.

ಆಯಿ ಏನು ಮಾಡಿದಳೋ ನನಗೆ ಕಾಣಲಿಲ್ಲ. “ನೋಡಿನ ಹೇಳಾಕತ್ತೇನಿ” ಎಂದದ್ದು ಕೇಳಿಸಿತು.

ಹಿತ್ತಲಿಗೆ ಹೋಗಲು ಎಷ್ಟು ಹೆಜ್ಜೆ? ನಾನು ಬರೆದೆ ಎಂದು ಹೇಳಲು ಎಷ್ಟು ಹೊತ್ತು ಬೇಕು? ಅಡಕೊತ್ತಿನಲ್ಲಿ ಸಿಕ್ಕ ಅಡಿಕೆಯಾಗಿದ್ದೆ. ನಾನು ಒಪ್ಪಿಕೊಂಡರೆ ಮುಂದಿನ ಪ್ರಶ್ನೆ, ನಿನಗೆ ಯಾರು ಹೇಳಿದರು ಎಂದು ಬರುತ್ತಿತ್ತು. ಆಯಿಯ ತಲೆಯಿಂದ ಬುಟ್ಟಿ ಇಳಿಯುತ್ತಿತ್ತು, ಮಗನೂ ಅತ್ತ, ಓಣಿಯೂ ಅತ್ತ ಆಗಿ ಆಕೆ ಒಬ್ಬಂಟಿಯಾಗುತ್ತಿದ್ದಳು. ಸುಮ್ಮನಿದ್ದರೆ ಸಣ್ಣಾಯಿಯ ಮನೆ ಹಾಳಾಗುತ್ತಿತ್ತು. ಆಯಿಯ ಸಲುವಾಗಿ ಸುಮ್ಮನಿದ್ದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಆದರೆ ಧಾರವಾಡದ ಕಾಗದ ಆ ವಾರ ಬರುವುದಿತ್ತು, ಗದ್ದಲ ಎದ್ದರೆ ಅದು ಬರುವುದಿಲ್ಲ ಎಂಬ ಹೆದರಿಕೆಯೂ ಇತ್ತು. ಯಾವ ಕಾರಣ ದೊಡ್ಡದಾಗಿತ್ತೋ ತೂಗಿ ನೋಡುವ ಧೈರ್ಯ ಇವತ್ತಿಗೂ ಇಲ್ಲ. ನಾನು ಗಾಜು ಒರೆಸುತ್ತಲೇ ಇದ್ದೆ.

ಸಣ್ಣಾಯಿಗೆ ಬೆಂಕಿ ನೀರು ನಿಂತವು. ಒಂದು ವಾರ ಕೆರೆಯ ನೀರು, ಕಲ್ಲು ಕುಟ್ಟಿದ ಬೆಂಕಿಯಲ್ಲಿ ಹೇಗೋ ದೂಡಿದಳು. ಆಮೇಲೆ ಮಗಳ ಮನೆಗೆಂದು, ವೀಳ್ಯದೆಲೆ ತಂದು ಮರಳುತ್ತಿದ್ದ ಸವಣೂರಿನ ಎಲೆಗಾಡಿ ಹತ್ತಿದಳು. ನಾನು ಓಣಿಯ ಮೂಲೆಯಲ್ಲಿ ನಿಂತಿದ್ದೆ. ಆಕೆ ನನ್ನ ಗದ್ದ ಹಿಡಿದು, “ಆಯಿನ್ನ ಚಂದಂಗ ನೋಡಿಕೋ. ಆಕಿಗೆ ಒಬ್ಬಾಕಿಗೆ ಬುಟ್ಟಿ ಏರಿಸಿಕೊಳ್ಳಾಕ ಬರೂದಿಲ್ಲ” ಎಂದಳು. ಆಗಲಾದರೂ ಹೇಳಬಹುದಿತ್ತು. ನಾಲಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ಸಾಣೆ ಹಿಡಿದ ನಾಲಗೆ ಅದೇ.

ಅಂದಿನಿಂದ ಆಯಿ ಎಲೆಅಡಿಕೆ ಬಿಟ್ಟಳು. ಗೆಳತಿ ಮೋಸ ಮಾಡಿದಳೆಂದು ಕೊರಗುತ್ತಿದ್ದಾಳೆ, ನನ್ನ ಸುಳ್ಳನ್ನು ನಂಬಿ ಕೊರಗುತ್ತಿದ್ದಾಳೆ ಎಂದುಕೊಂಡೆ. ಹೇಳಿಬಿಡಬೇಕೆಂದು ಎರಡು ಸಲ ಹಿತ್ತಲ ಬಾಗಿಲಿಗೆ ಹೋದೆ. ಒಮ್ಮೆ ನಾನು ಬಾಯಿ ತೆರೆಯುವ ಮೊದಲೇ “ಧಾರವಾಡದ ಕಾಗದಾ ಬಂತೇನು?” ಎಂದು ಕೇಳಿದಳು. ಇನ್ನೊಮ್ಮೆ ನನ್ನ ಮುಖ ನೋಡಿದವಳೇ, “ಮುಗದ ಮಾತು ಎತ್ತಬ್ಯಾಡ, ಹೋಗಿ ಓದು” ಎಂದಳು. ಕಾಗದ ಬಂತು. ನಾನು ಹೋದೆ. ನಾನು ತರಬೇತಿ ಮುಗಿಸುವ ವರ್ಷ ಆಯಿ ಜ್ವರದಲ್ಲಿ ತೀರಿಕೊಂಡಳು. ನಾನು ಊರು ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಮುಗಿದಿತ್ತು. ಓಣಿಯವರು ಅಪ್ಪನನ್ನೂ ಹತ್ತಿರ ಬಿಟ್ಟಿರಲಿಲ್ಲ.

ಹೊರಗೆ ಹೋಗುವ ಬಾಗಿಲು ಎಂದುಕೊಂಡು ನಾನು ಹೊಕ್ಕದ್ದು ಇನ್ನೂ ಇಕ್ಕಟ್ಟಿನ ಕೋಣೆಯಾಗಿತ್ತು. ಮಿಷನ್ನಿನ ಶಾಲೆಯಲ್ಲಿ ಕೆಲಸ ಕೊಟ್ಟರು. ಸೂಟಿಯ ದಿನಗಳಲ್ಲಿ, ಮಿಷನ್ನಿಗೆ ಪರದೇಶದಿಂದ ಹೊಸದಾಗಿ ಬಂದ ದೊರೆಸಾನಿಯವರ ಜೊತೆ ಸಂತೆಗಳಿಗೆ ಹೋಗಿ ಹೆಂಗಸರಿಗೆ ಓದಿ ಹೇಳಬೇಕು ಎಂದರು. ಏನನ್ನು ಓದಬೇಕು? ಆ ಪುಸ್ತಿಕೆಯನ್ನೇ. ಕಪಾಟಿನ ತುಂಬ ಅದು ಉಳಿದಿತ್ತು, ಎರಡನೆಯ ಮಹಾಯುದ್ಧದ ಕಾಲ, ಹೊಸದನ್ನು ಅಚ್ಚು ಹಾಕಲು ಕಾಗದ ಇರಲಿಲ್ಲ. ಬೇರೆ ಯಾರಿಗಾದರೂ ಕೊಡಿ ಎಂದು ಬೇಡಿಕೊಂಡೆ. ನಿನ್ನಷ್ಟು ರುಚಿಯಾಗಿ ಯಾರೂ ಓದುವುದಿಲ್ಲ ಎಂದರು ದೊರೆಸಾನಿ. ಬರೆದವಳು ನಾನೇ ಎಂದು ಅವರಿಗೆ ಗೊತ್ತಿರಲಿಲ್ಲ. ಪೆಟ್ರೋಲು ಸಿಗದೆ ಇದ್ದಿಲು ಉರಿಸಿ ಓಡಿಸುತ್ತಿದ್ದ ಮೋಟಾರಿನಲ್ಲಿ, ಗಾಡಿಯಲ್ಲಿ, ಕಾಲುನಡಿಗೆಯಲ್ಲಿ ಶಿಗ್ಗಾಂವಿ, ಹಿರೇಕೆರೂರು, ಸವಣೂರು ಸುತ್ತಿ ನನ್ನ ಸಾಲನ್ನು ನಾನೇ ಓದಿದೆ. ಬೆಣ್ಣೆಯ ಮಾತಿಗೆ ಎಲ್ಲ ಕಡೆ ನಗು ಬರುತ್ತಿತ್ತು. ನಗು ಬಂದಾಗಲೆಲ್ಲ ನನಗೆ ಎಲೆಗಾಡಿ ಕಾಣುತ್ತಿತ್ತು.

ಹಿರೇಕೆರೂರಿನಲ್ಲಿ ಒಮ್ಮೆ ಅಬಲೂರಿನ ಕಡೆಯ ರೈತನೊಬ್ಬ ಕೊನೆಯತನಕ ಕೇಳಿ, “ನಿಮ್ಮಂವನೂ ಸತ್ತಾನಲ್ರಿ ಅಕ್ಕಾರ. ನೀವೂ ಅಳತೀರಲ್ರಿ ಅವತ್ತು?” ಎಂದ. ಅವನು ತಾನೇ ಇಚ್ಛೆಪಟ್ಟು ನಮಗಾಗಿ ಸತ್ತ, ಮೂರನೆಯ ದಿನ ಎದ್ದು ಬಂದ ಎಂದು ನಾನು ಹೇಳಿದೆ. “ನಮ್ಮಂವನೂ ಬರತಾನ್ರಿ, ಬರೂ ವರ್ಷ” ಎಂದು ಅವನು ನಕ್ಕು ಹೋದ. ದೊರೆಸಾನಿಗೆ ಅದು ಕುಚೋದ್ಯ ಅನಿಸಿತು, ನನಗೆ ಅನಿಸಲಿಲ್ಲ. ನನ್ನ ನಂಬಿಕೆ ಅಂದೂ ಇತ್ತು, ಇಂದೂ ಇದೆ. ಇನ್ನೊಬ್ಬರ ಬದಲಿಗೆ ಸಾಯುವವನ ಮೇಲೆ ಇಟ್ಟ ನಂಬಿಕೆ ಅದು. ನಾನು ಮಾತ್ರ ನನ್ನ ಬದಲಿಗೆ ಇನ್ನೊಬ್ಬಳನ್ನು ಸಾಯಲು ಬಿಟ್ಟಿದ್ದೆ.

ಯುದ್ಧ ಮುಗಿಯುವ ವರ್ಷ ಸವಣೂರಿನ ಸಂತೆಯಲ್ಲಿ, ಎಲೆ ಮಾರುವವರ ಸಾಲಿನ ಹತ್ತಿರ ನಿಂತು ಓದತೊಡಗಿದ್ದೆ. ಅರ್ಧಕ್ಕೆ ಬಂದಾಗ ಗುಂಪಿನ ಅಂಚಿನಲ್ಲಿ ಒಣಮೀನಿನ ಬುಟ್ಟಿ ಇಟ್ಟುಕೊಂಡು ಕೂತ ಮುದುಕಿ ಕಂಡಳು. ಸಣ್ಣಾಯಿ. ಮೈ ಅರ್ಧಕ್ಕರ್ಧ ಇಳಿದಿತ್ತು. ನಿಲ್ಲಿಸೋಣವೆಂದರೆ ಪಕ್ಕದಲ್ಲಿ ದೊರೆಸಾನಿ. ಓದಿದೆ. ಬೆಣ್ಣೆಯ ಮಾತಿಗೆ ಜನ ನಕ್ಕರು, ಆಕೆ ನಗಲಿಲ್ಲ. ಗುಂಪು ಕರಗಿದ ಮೇಲೆ ದೊರೆಸಾನಿ ನೆರಳಿಗೆ ಹೋದರು, ಸಣ್ಣಾಯಿ ಎದ್ದು ಬಂದಳು.

“ಉಪದೇಶಿ ಮಗಳಲ್ಲೇನು ನೀನು?”

“ಹೌದು ಸಣ್ಣಾಯಿ.”

“ನನ್ನ ಊರ ಬಿಡಿಸಿದ ಬುಕ್ಕು ಇದನೇನು? ನನಗ ಇವತ್ತಿನತನಾ ಯಾರೂ ಓದಿ ಹೇಳಿರಲಿಲ್ಲ ನೋಡು. ಆ ಬೆಣ್ಣಿ ಮಾತು ಇನ್ನೊಮ್ಮೆ ಹೇಳು.”

ಹೇಳಿದೆ. ಆಕೆ ತಲೆ ಅಲ್ಲಾಡಿಸಿದಳು.

“ಹಂಗ ಯಾರೂ ಮಾಡೂದಿಲ್ಲ. ಬೆಣ್ಣಿ ಬಾಯಿಗೆ ಅಷ್ಟ. ಅವನ ಕಣ್ಣು ಕೊನೀತನಾ ತೆರದನ ಇರತಾವ.” ಆಮೇಲೆ ನನ್ನ ಮುಖ ನೋಡಿದಳು. “ನಿನಗ ಆವಾಗ ಮೂರೋ ನಾಕೋ ವರ್ಷ. ಜೋಕುಮಾರಗ ನೋವಾಗತೈತಿ ಅಂತ ಮಧ್ಯಾಹ್ನ ಉಣ್ಣಲಾರದ ಅತ್ತಿ. ಅಂವಗ ಕಾಣೂದಿಲ್ಲ, ಕಣ್ಣಿಗೆ ಬೆಣ್ಣಿ ಹಚ್ಚತೇವಿ, ನೋವಾಗೂದಿಲ್ಲ ಅಂತ ನಿಮ್ಮ ಆಯಿ ಒಂದು ಕಥಿ ಕಟ್ಟಿ ನಿನಗ ಉಣಿಸಿದ್ಲು. ನಾ ಅಲ್ಲೇ ಕುಂತಿದ್ದೆ. ಆಮ್ಯಾಲೆ ಇಬ್ಬರೂ ಹೊರಗ ಬಂದು ನಕ್ಕಿದ್ವಿ.”

ನನಗೆ ಆ ಮಧ್ಯಾಹ್ನದ ನೆನಪಿಲ್ಲ. ಆ ಬೆಣ್ಣೆ ಪದ್ಧತಿಯಲ್ಲಿ ಇದೆ ಎಂದೇ ನಂಬಿ ಬೆಳೆದಿದ್ದೆ. ಜಗತ್ತಿನಲ್ಲಿ ಅದನ್ನು ನಿಜವೆಂದು ತಿಳಿದು ಬರೆಯಬಹುದಾದ ಜೀವ ಒಂದೇ ಇತ್ತು. ಸಣ್ಣಾಯಿಗೆ ಅದು ಈಗ ಗೊತ್ತಾಗಿತ್ತು. ಆಕೆ ಬೈಯಲಿಲ್ಲ.

“ಇದನ್ನ ನಿಮ್ಮ ಆಯಿ ಕೇಳಿದ್ಲೇನು?” ಎಂದಳು.

ಸುಳ್ಳು ಹೇಳಲು ಇನ್ನೊಂದು ಅವಕಾಶ. “ನಾನ ಓದಿ ಹೇಳಿದ್ದೆ. ನೀವೆಲ್ಲಾ ಕೂಡೂ ಹಿಂದಿನ ದಿನಾ. ಬೆಣ್ಣಿ ಮಾತು ಎರಡು ಸಲ ಓದಿಸಿದ್ಲು” ಎಂದೆ.

ಸಣ್ಣಾಯಿ ಅಲ್ಲೇ ನೆಲಕ್ಕೆ ಕೂತಳು. “ಹಂಗಾರ ಗೊತ್ತಿದ್ದ ಹೇಳಿದ್ಲು” ಎಂದಳು. ನನಗೆ ಹೇಳಿದ್ದಲ್ಲ ಅದು.

ನಾನು ಆಯಿಗೆ ಮೋಸ ಮಾಡಿದೆ ಎಂದು ಇಷ್ಟು ವರ್ಷ ಒಳಗೊಳಗೇ ಬೆಂದಿದ್ದೆ. ಆಯಿ ಒಂದು ಗಳಿಗೆಯೂ ಮೋಸ ಹೋಗಿರಲಿಲ್ಲ. ಎರಡನೆಯ ಸಲ ಓದಿಸಿದಾಗಲೇ ಆಕೆಗೆ ಎಲ್ಲ ತಿಳಿದಿತ್ತು. ಮರುದಿನ ಗೆಳತಿಯ ಮುಖ ನೋಡಿಯೇ ಆ ಮಾತು ಆಡಿದಳು. ನನ್ನನ್ನು ಉಳಿಸಲು ಆಡಿದಳೋ, ತನ್ನ ಬುಟ್ಟಿ ಉಳಿಸಿಕೊಳ್ಳಲು ಆಡಿದಳೋ? ಕೇಳಲು ಆಕೆ ಇರಲಿಲ್ಲ.

“ನಾ ಹಾನಗಲ್ಲಿಗೆ ಹೋಗತೇನಿ ಸಣ್ಣಾಯಿ. ನಾಕೂ ಮನಿಯವ್ರನ್ನ ಕೂಡಿಸಿ, ಬರದಾಕಿ ನಾನು, ನಿಂದೇನೂ ತಪ್ಪಿಲ್ಲ ಅಂತ ಹೇಳತೇನಿ. ನಿನ್ನ ತಿರುಗಿ ಕರಸತೇನಿ.”

“ಬ್ಯಾಡ.”

“ಯಾಕ?”

“ನೀ ಅಷ್ಟ ಹೇಳಿದ್ರ ಮುಗೀತೇನು? ಬುಟ್ಟಿ ಹೊತ್ತ ತಲಿ ಇಟಗೊಂಡು ನಿಮ್ಮ ಆಯಿ ಸುಳ್ಳ ಹೇಳಿದ್ಲು ಅಂತಾರ. ಸತ್ತಾಕಿ ಬಂದು ಉತ್ತರಾ ಕೊಡತಾಳೇನು? ಆಕಿನ್ನ ಯಾರೂ ಅನ್ನೂದು ಬ್ಯಾಡ.” ಸೆರಗಿನಿಂದ ಮೂಗು ಒರೆಸಿಕೊಂಡಳು. “ಇಷ್ಟ ವರ್ಷ ನಾ ಹೊತ್ತೇನಿ, ಇನ್ನ ನಾಕು ದಿನಾ ಹೊರತೇನಿ. ಹೇಳೂದಿಲ್ಲ ಅಂತ ನನ್ನ ಕೈ ಮುಟ್ಟಿ ಆಣಿ ಮಾಡು.”

ನಮ್ಮ ಕ್ರೈಸ್ತರು ಆಣೆ ಮಾಡುವ ಹಾಗಿಲ್ಲ. ಆದರೂ ಮಾಡಿದೆ. ಆಕೆಯ ಕೈ ಮೀನು ವಾಸನೆ ಹೊಡೆಯುತ್ತಿತ್ತು. ತಪ್ಪು ಒಪ್ಪಿಕೊಂಡರೆ ಭಾರ ಇಳಿಯುತ್ತದೆ ಎಂದು ಮಕ್ಕಳಿಗೆ ಪ್ರತಿ ಭಾನುವಾರ ಕಲಿಸುತ್ತಿದ್ದವಳು ನಾನು. ನಾನು ಒಪ್ಪಿಕೊಂಡ ಮೇಲೆ, ಓಣಿಯ ಮುಂದೆ ಹೇಳುವ ಬಾಗಿಲೇ ಹೊರಗಿನಿಂದ ಮುಚ್ಚಿತು.

ಆಕೆ ಇನ್ನೂ ಆರು ವರ್ಷ ಬದುಕಿದಳು, ಸವಣೂರಿನಲ್ಲೇ. ನಾನು ಹೋದಾಗಲೆಲ್ಲ ಮೀನು ಕೊಂಡೆ, ಆಣೆಯ ಮಾತು ಇಬ್ಬರೂ ಎತ್ತಲಿಲ್ಲ. ಆಕೆ ಹೋದ ಮೇಲೆ ಅಂದು ಹಿತ್ತಲಲ್ಲಿ ಕೂಡಿದ್ದ ಹೆಂಗಸರು ಒಬ್ಬೊಬ್ಬರಾಗಿ ಹೋದರು. ಕೊನೆಯವಳು ಹೋಗುವವರೆಗೂ ನಾನು ಬಾಯಿ ಬಿಡಲಿಲ್ಲ. ಈಗ ಹೇಳಿದ್ದೇನೆ, ಸಣ್ಣಾಯಿಯದು ಏನೂ ತಪ್ಪಿರಲಿಲ್ಲ. ಕೇಳಿಸಿಕೊಂಡು ಆಕೆಯನ್ನು ಓಣಿಯ ಒಳಗೆ ಕರೆಯುವವರು ಯಾರೂ ಉಳಿದಿಲ್ಲ.